ಬಿಸ್ವಿಕ್ ಕೊಡಿಸಿದ ಪಿಕಪ್

ಆ ಲಾಟೀನು ಸ್ವಲ್ಪ ಸಣ್ಣದು ಮಾಡು. ಹಾಂ... ಸಾಕು.

ಇದು ಎಲ್ಲೋ ಯಾರೋ ಹೇಳಿದ ಮಾತಲ್ಲ. ನಮ್ಮ ದೊಡ್ಡಪ್ಪನ ಮಗಳು ಎನೆಲೆಸಿಗೆ ಆದದ್ದು. ಅವಳು ಈಗಲೂ ಇದ್ದಾಳೆ. ಬೆಳಿಗ್ಗೆ ಸೆಂಗಾದಲ್ಲಿ ಸರೋವರದ ಮೀನು ದಡಕ್ಕೆ ಹೋದರೆ, ದೋಣಿಯವರ ಜೊತೆ ಜಗಳ ಆಡುತ್ತಾ ಸಿಗುತ್ತಾಳೆ. ಬೇಕಾದರೆ ಕೇಳಿ ನೋಡಿ. ಅವಳು ಹೇಳುವುದಿಲ್ಲ, ಅದು ಬೇರೆ ವಿಷಯ.

ಅವತ್ತು ಅವಳು ಲಿಲೊಂಗ್ವೆಯಲ್ಲಿ ಒಣಮೀನು ಮಾರಿ ಬರುತ್ತಿದ್ದಳು. ಪಿಕಪ್ಪಿನಲ್ಲಿ ಒಬ್ಬಳೇ. ಹಿಂದೆ ಖಾಲಿ ಬುಟ್ಟಿಗಳು. ಸಲೀಮಾ ದಾಟಿ, ಡಾಂಬರು ಬಿಟ್ಟು, ನಮ್ಮ ಚಿತುಲಾ ಕಡೆಯ ಮಣ್ಣುರಸ್ತೆಗೆ ಇಳಿದಾಗ ಊರೆಲ್ಲ ಮಲಗಿತ್ತು. ಕತ್ತಲಾದ ಮೇಲೆ ಆ ಗಾಡಿಯಲ್ಲಿ ಆ ದಾರಿ ಹಿಡಿದದ್ದು ಅವತ್ತೇ ಮೊದಲು. ಆನೆಹುಣಸೆ ಮರ ಬಂತು... ಬಿಸಿ ತೋರಿಸುವ ಮುಳ್ಳು ಸರ್‍ರನೆ ಮೇಲಕ್ಕೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ. ಇಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು.

ಎನೆಲೆಸಿ ಇಳಿದಳು. ಬೈದಳು. ಬೈಯುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಕಡೆ ಇಲ್ಲ.

ಮರದಿಂದ ಸ್ವಲ್ಪ ಆಚೆ ಕೈಪಂಪು. ಡಬ್ಬ ತಗೊಂಡು ಹೋಗಿ ಒತ್ತಿದಳು. ಕ್ರೊಂಯ್... ಗುಳುಂ. ಕ್ರೊಂಯ್... ಗುಳುಂ. ಹಿಂದೆ ಪಿಕಪ್ಪು ತಣ್ಣಗಾಗುತ್ತಾ ಸದ್ದು ಮಾಡುತ್ತಿತ್ತು. ಟಿಕ್... ಟಿಕ್... ಕಾದ ಕಬ್ಬಿಣ ತಣಿಯುವಾಗ ಬರುತ್ತದಲ್ಲ, ಅದು. ಆ ಸದ್ದು ಅವಳಿಗೆ ಹೊಸದಲ್ಲ.

ಆಮೇಲೆ ಇನ್ನೊಂದು ಸದ್ದು.

ಡಬ್. ಡಬ್.

ಎನೆಲೆಸಿಯ ಕೈ ಪಂಪಿನ ಮೇಲೇ ನಿಂತಿತು.

ಅದು ಕಬ್ಬಿಣ ತಣಿಯುವ ಸದ್ದಲ್ಲ. ಪಿಕಪ್ಪಿನ ಹಿಂದೆ ನಿಂತು ಬಂದವರಿಗೆ ಅದು ಗೊತ್ತು. ತಮ್ಮ ಊರು ಬಂದಾಗ ಡ್ರೈವರನಿಗೆ ಕೇಳಲಿ ಅಂತ ಅಂಗೈಯಿಂದ ಕ್ಯಾಬಿನ್ನಿನ ತಗಡಿನ ಮೇಲೆ ಬಡಿಯುತ್ತಾರೆ. ನಿಲ್ಲಿಸಪ್ಪಾ, ಇಳೀಬೇಕು, ಅಂತ. ಅಂಗೈ ಅಗಲವಾಗಿ ತಗಡಿಗೆ ಬೀಳುವ ಸದ್ದು.

ಡಬ್... ಡಬ್ ಡಬ್.

ಟಾರ್ಚ್ ಬಿಟ್ಟು ನೋಡಿದಳು. ಬುಟ್ಟಿಗಳು. ಹಗ್ಗ. ಸ್ಟೆಪ್ನಿ ಚಕ್ರ. ಬೇರೆ ಏನೂ ಇಲ್ಲ.

ಗಾಡಿಗೆ ಬೀಗ ಹಾಕಿ ನಡೆದಳು. ಓಡಲಿಲ್ಲ. ಓಡಿದರೆ ಹಿಂದಿನದು ಓಡಿ ಬರುತ್ತದೆ ಅಂತ ಅವಳಿಗೆ ಅನಿಸಿತಂತೆ. ಮನೆ ತಲುಪುವವರೆಗೂ ಬೆನ್ನ ಹಿಂದೆ, ದೂರದಿಂದ... ತಡೆದು ತಡೆದು... ಡಬ್. ಡಬ್.

ದೊಡ್ಡಮ್ಮ ಬಾಗಿಲು ತೆಗೆದು ಅವಳ ಮುಖ ನೋಡಿದರು.

"ಗಾಡಿ ಎಲ್ಲೇ?"

"ಕೆಟ್ಟುಹೋಯ್ತು. ಮರದ ಹತ್ರ."

"ಯಾವ ಮರದ ಹತ್ರ?"

ಎನೆಲೆಸಿ ಕತ್ತಲ ಕಡೆ ಕೈ ತೋರಿಸಿದಳು. ದೊಡ್ಡಮ್ಮ ದನಿ ಇಳಿಸಿದರು.

"ಲೆತೀಸಿಯಾ ಸಿಕ್ಕಿದ ಜಾಗ ಅದು. ಒಳಗೆ ಬಾ. ಹಿಂದೆ ನೋಡ್ಬೇಡ."

ಲೆತೀಸಿಯಾ ಅಂದರೆ ನಾಬಾಂಡಾ ಅಮ್ಮನ ಮಗಳು. ಮರದ ಹಿಂದಿನ ಕೇರಿಯವಳು. ಸಲೀಮಾದಲ್ಲಿ ಹೊಲಿಗೆ ಕಲಿಯುತ್ತಿದ್ದಳು. ಎರಡು ಮಳೆಗಾಲದ ಹಿಂದೆ ಒಂದು ಬೆಳಿಗ್ಗೆ ಆ ರಸ್ತೆಯ ಬದಿಯಲ್ಲಿ ಸತ್ತು ಬಿದ್ದಿದ್ದಳು. ಯಾವುದೋ ಲಾರಿ ಗುದ್ದಿ ಹೋಯಿತು ಅಂದರು. ಯಾವ ಲಾರಿ, ಯಾರದು, ಪೊಲೀಸರಿಗೂ ಗೊತ್ತಾಗಲಿಲ್ಲ. ಮಣ್ಣಿಗೆ ನಾವೆಲ್ಲ ಹೋಗಿದ್ದೆವು.

*

ಈಗ ಈ ಪಿಕಪ್ಪು ಹೇಗೆ ಬಂತು ಅಂತ ಹೇಳಬೇಕು. ಯಾಕೆಂದರೆ ದೆವ್ವಕ್ಕಿಂತ ದೊಡ್ಡ ಪೆಟ್ಟು ಅಲ್ಲಿದೆ.

ಎನೆಲೆಸಿ ತಲೆ ಮೇಲೆ ಬುಟ್ಟಿ ಹೊತ್ತು ವ್ಯಾಪಾರ ಶುರು ಮಾಡಿದವಳು. ಸರೋವರದ ಸಣ್ಣ ಮೀನು, ಉಸಿಪಾ, ಮರಳ ಮೇಲೆ ಒಣಗಿಸಿ, ಬೇರೆಯವರ ಗಾಡಿಗೆ ಬಾಡಿಗೆ ಕೊಟ್ಟು ಲಿಲೊಂಗ್ವೆಗೆ ಒಯ್ಯುತ್ತಿದ್ದಳು. ಬಾಡಿಗೆ ಕೊಟ್ಟು ಕೊಟ್ಟು ಅವಳ ಲಾಭವೆಲ್ಲ ಡ್ರೈವರುಗಳ ಹೊಟ್ಟೆಗೆ. ಮದುವೆಗೆ ಬಂದ ಗಂಡುಗಳನ್ನೆಲ್ಲ "ಮೊದಲು ಗಾಡಿ, ಆಮೇಲೆ ಗಂಡ" ಅಂತ ವಾಪಸ್ಸು ಕಳಿಸಿದಳು.

ಅವಳಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನು ಬಿಸ್ವಿಕ್. ಸಲೀಮಾ ರಸ್ತೆ ಕೂಡುವಲ್ಲಿ ಅವನದೊಂದು ಗ್ಯಾರೇಜು. ಗ್ಯಾರೇಜು ಅಂದರೆ ಮಾವಿನ ಮರದ ಕೆಳಗೆ ಒಂದು ಗುಂಡಿ, ನಾಲ್ಕು ಹಳೇ ಟೈರು. ಆದರೆ ಕೈಗುಣ ಒಳ್ಳೆಯದು. ನಮ್ಮ ದೊಡ್ಡಪ್ಪ ತೀರಿಹೋದಾಗ ಹೆಣ ತರಲು ಗಾಡಿ ಹುಡುಕಿ ಕೊಟ್ಟವನು ಅವನೇ. ಆವತ್ತಿನಿಂದ ಎನೆಲೆಸಿ ಅವನನ್ನು ಅಣ್ಣ ಅಂತಲೇ ಕರೆಯುತ್ತಿದ್ದಳು. ಬಾಯಿಮಾತಿಗಲ್ಲ. ನಿಜವಾದ ಅಣ್ಣ ಅಂತ.

ಒಂದು ದಿನ ಬಿಸ್ವಿಕ್ ತಾನೇ ಬಂದ.

"ತಂಗೀ, ಒಂದು ಗಾಡಿ ಇದೆ. ಸಿಂಗಲ್ ಕ್ಯಾಬಿನ್. ಜಪಾನಿನದು. ಮಾಲೀಕ ಊರು ಬಿಡ್ತಾ ಇದ್ದಾನೆ, ಅರ್ಜೆಂಟು."

"ನೀನು ನೋಡಿದ್ಯಾ?"

"ನಿನಗೆ ಅಂದ್ಮೇಲೆ ನೋಡದೆ ಇರ್ತೀನಾ? ಬಾ, ನಿನ್ನ ಮುಂದೇನೇ ಇನ್ನೊಂದು ಸಲ ನೋಡ್ತೀನಿ."

ಹೋದರು. ಬಿಳಿ ಬಣ್ಣದ ಪಿಕಪ್ಪು, ಹೊಸದಾಗಿ ಬಣ್ಣ ಹೊಡೆದು ನಿಲ್ಲಿಸಿದ್ದರು. ಪಕ್ಕದಲ್ಲಿ ಟೋಪಿ ಹಾಕಿಕೊಂಡ ಒಬ್ಬ ನಿಂತು, ತಾನೇ ಮಾಲೀಕ ಅಂದ. ಬಿಸ್ವಿಕ್ ಗಾಡಿಯ ಕೆಳಗೆ ನುಸುಳಿದ. ಬಾನೆಟ್ಟು ಎತ್ತಿದ. ಆಯಿಲಿನ ಮುಚ್ಚಳ ತೆಗೆದು ಮೂಸಿದ. ಇಂಜಿನ್ ಹಾಕಿ ಕಿವಿ ಕೊಟ್ಟು ನಿಂತ. ಆಮೇಲೆ ಕೈ ಒರೆಸಿಕೊಳ್ಳುತ್ತಾ ಎನೆಲೆಸಿಯನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದ:

"ಇಂಜಿನ್ ಕಲ್ಲು ಕಲ್ಲು. ಕಣ್ಣು ಮುಚ್ಕೊಂಡು ತಗೋ."

ಅವಳು ಕಣ್ಣು ಮುಚ್ಚಿಕೊಂಡೇ ತಗೊಂಡಳು. ದುಡ್ಡನ್ನು ಎರಡೆರಡು ಸಲ ಎಣಿಸಿ ಕೊಟ್ಟಳಂತೆ, ಖುಷಿಗೆ.

ಮೊದಲ ತಿಂಗಳಲ್ಲೇ ಹೆಡ್ ಗ್ಯಾಸ್ಕೆಟ್ ಹೋಯಿತು. ಆಯಿಲಿಗೆ ನೀರು ಸೇರಿ ಮುಚ್ಚಳದಲ್ಲಿ ಮಜ್ಜಿಗೆ ಬಣ್ಣದ ನೊರೆ. ಬಿಸ್ವಿಕ್ ಇಂಜಿನ್ ಬಿಚ್ಚಿದ, ಅದರ ಹೆಡ್ ಉಜ್ಜಿಸಿದ. ಮೂರು ಲಕ್ಷ ಕ್ವಾಚಾ. "ಹಳೇ ಗಾಡಿ ತಂಗೀ, ಒಂದ್ಸಲ ಮಾಡಿಸಿದ್ರೆ ಆಯ್ತು" ಅಂದ. ಅದಾದ ಮೇಲೆ ಕ್ಲಚ್ ಪ್ಲೇಟು. ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ಕೂದಲಿನ ವಾಸನೆ. ಗೇರುಪೆಟ್ಟಿಗೆ ಇಳಿಸಿ ಏರಿಸುವ ಕೂಲಿಯೇ ಪ್ಲೇಟಿನ ಬೆಲೆಗಿಂತ ಹೆಚ್ಚು. ಆಮೇಲೆ ಹಿಂದಿನ ಕಮಾನುಪಟ್ಟಿ ಮುರಿಯಿತು. ಮೂರನೇ ಗೇರು ತಾನಾಗಿ ಜಿಗಿದು ಹೊರಬರಲು ಶುರುವಾಯಿತು. ಒಂದು ಸರಿಮಾಡಿದರೆ ಇನ್ನೊಂದು. ಮೀನು ಮಾರಿದ ದುಡ್ಡು ಮನೆಗೆ ಬರುವ ಮೊದಲೇ ಮಾವಿನ ಮರದ ಕೆಳಗೆ ಇಳಿದುಹೋಗುತ್ತಿತ್ತು.

ದೊಡ್ಡಮ್ಮ ಒಮ್ಮೆ ಹೇಳಿಯೂ ಹೇಳಿದರು. "ನೀನು ಗಾಡಿ ಸಾಕ್ತಾ ಇದ್ದೀಯೋ, ಬಿಸ್ವಿಕ್‌ನ ಸಾಕ್ತಾ ಇದ್ದೀಯೋ?"

"ಅಮ್ಮಾ, ಅಣ್ಣ ಇಲ್ದೆ ಇದ್ದಿದ್ರೆ ಇಷ್ಟೊತ್ತಿಗೆ ಗಾಡೀನ ಗುಜರಿಗೆ ಹಾಕ್ಬೇಕಿತ್ತು" ಅಂದಳು ಎನೆಲೆಸಿ.

ನೋಡಿ, ಅಷ್ಟು ನಂಬಿಕೆ.

*

ಕೆಟ್ಟುನಿಂತ ಆ ರಾತ್ರಿಯ ಮರುದಿನ ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದಳು. ಬಡಿತದ ಮಾತು ಹೇಳಿದಳು. ಬಿಸ್ವಿಕ್ ರೇಡಿಯೇಟರಿಗೆ ಬಗ್ಗಿದ್ದ. ತಲೆ ಎತ್ತಲಿಲ್ಲ.

"ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗ್ ಇರ್ಬೇಕು. ಸವೆದ್ರೆ ಹಾಗೇ ಬಡಿಯುತ್ತೆ."

"ಗಾಡಿ ನಿಂತಿತ್ತು ಅಣ್ಣ. ಇಂಜಿನ್ ಆಫ್ ಆಗಿತ್ತು."

ಬಿಸ್ವಿಕ್ ರೇಡಿಯೇಟರಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದ.

"ಹಾಗಾದ್ರೆ ತಗಡು. ಬಿಸಿಗೆ ಉಬ್ಬಿ ತಣ್ಣಗಾದಾಗ ಬಡಿಯುತ್ತೆ. ನೀನು ರಾತ್ರಿ ಹೊತ್ತು ಆ ದಾರೀಲಿ ಬರ್ಬೇಡ, ಅಷ್ಟೇ."

ಆದರೂ ಬೇರಿಂಗು ಹಾಕಿದ. ದುಡ್ಡೂ ತಗೊಂಡ. ಬಡಿತ ನಿಲ್ಲಲಿಲ್ಲ.

ಆಮೇಲೆ ಪ್ರತಿ ಸಲ ಅದೇ. ಕತ್ತಲಾದ ಮೇಲೆ ಆ ಮರ ಹತ್ತಿರ ಬಂದರೆ ತಲೆಯ ಮೇಲೇ... ಡಬ್ ಡಬ್. ಎನೆಲೆಸಿ ನಿಲ್ಲಿಸುತ್ತಿರಲಿಲ್ಲ. ಹಲ್ಲು ಕಚ್ಚಿ ಆಕ್ಸಿಲರೇಟರ್ ಒತ್ತುತ್ತಿದ್ದಳು. ಆಗ ಬಡಿತ ಜೋರಾಗುತ್ತಿತ್ತು. ಡಬ್ ಡಬ್ ಡಬ್ ಡಬ್. ಮರ ದಾಟಿದ ಮೇಲೆ ಒಮ್ಮೆಲೇ ನಿಲ್ಲುತ್ತಿತ್ತು. ಅದು ನಿಲ್ಲುವುದೇ ಹೆಚ್ಚು ಭಯ ಅಂತ ಅವಳು ನನ್ನ ಹತ್ತಿರ ಹೇಳಿದ್ದಳು.

ಒಂದು ಸಂಜೆ ಒಬ್ಬ ಮುದುಕಿಯನ್ನು ಹಿಂದೆ ಹತ್ತಿಸಿಕೊಂಡಳು. ನಮ್ಮೂರಿಗೆ ನೆಂಟಳಾಗಿ ಬರುತ್ತಿದ್ದವಳು, ಡೊವಾ ಕಡೆಯವಳು, ಇಲ್ಲಿಯ ಸುದ್ದಿ ಏನೂ ಗೊತ್ತಿಲ್ಲದವಳು. ಹಿಂದೆ ಬೇರೆ ಯಾರೂ ಇರಲಿಲ್ಲ. ನಮ್ಮ ಅಂಗಳದಲ್ಲಿ ಇಳಿದವಳೇ ಎನೆಲೆಸಿಗೆ ಚೆನ್ನಾಗಿ ಬೈದಳು.

"ನಿನಗೆ ಕಿವಿ ಕೇಳ್ಸಲ್ವೇನೇ? ಆ ಹುಡುಗಿ ಪಾಪ ಅಷ್ಟು ಬಡಿದ್ಲು. ನಿಲ್ಸೋಕೆ ಏನು ನಿನಗೆ?"

"ಯಾವ ಹುಡುಗಿ, ಅಜ್ಜೀ?"

"ಮೂಲೇಲಿ ನಿಂತಿದ್ಲಲ್ಲ. ಹಳದಿ ಬಟ್ಟೆ ಸುತ್ಕೊಂಡಿದ್ಲು. ನಾನು ಮಾತಾಡಿಸ್ದೆ, ತಿರುಗಿ ನೋಡ್ಲಿಲ್ಲ. ಅವಳಿಗೆ ಇಳಿಯೋದೇ ಅವಸರ..." ಮುದುಕಿ ಹಿಂದೆ ತಿರುಗಿ ಖಾಲಿ ಗಾಡಿ ನೋಡಿದಳು. ಮಾತು ಅಲ್ಲಿಗೇ ನಿಂತಿತು. ಆಮೇಲೆ ಬಹಳ ಮೆತ್ತಗೆ ಕೇಳಿದಳು: "ಅವಳು ಎಲ್ಲಿ ಇಳಿದ್ಲು?"

ಆ ಮುದುಕಿ ವಾಪಸ್ಸು ಹೋಗುವಾಗ ನಡೆದೇ ಹೋದಳು.

*

ಎನೆಲೆಸಿ ಮರುದಿನ ಗಾಡಿಯನ್ನು ಬಿಸ್ವಿಕ್ ಹತ್ತಿರ ಒಯ್ಯಲಿಲ್ಲ. ಮೊದಲ ಸಲ. ಸಲೀಮಾ ಪೇಟೆಯ ಆಚೆ ಬೆಸುಗೆ ಹಾಕುವ ಸೈದಿ ಅಂತ ಒಬ್ಬರಿದ್ದರು, ವಯಸ್ಸಾದವರು. ಅವರ ಹತ್ತಿರ ಹೋದಳು.

"ಮಾವ, ಈ ಗಾಡೀನ ಪೂರ್ತಿ ನೋಡಿ. ಏನಿದೆಯೋ ಅದನ್ನ ಹೇಳಿ. ನನ್ನ ಮುಖ ನೋಡಿ ಹೇಳ್ಬೇಡಿ."

ಸೈದಿ ಗಾಡಿಯ ಸುತ್ತ ಒಂದು ಸುತ್ತು ಬಂದರು. ಅವರದು ಮಾತು ಕಡಿಮೆ. ರೇಡಿಯೇಟರ್ ಮುಚ್ಚಳ ತೆಗೆದು ಬೆರಳು ಹಾಕಿ ಏನೋ ಬಿಳಿಯದನ್ನು ಎಳೆದರು.

"ಇದು ಮೊಟ್ಟೆ. ತೂತಿದ್ರೆ ಒಡೆದು ಹಾಕ್ತಾರೆ. ಬೆಂದು ತೂತು ಮುಚ್ಕೊಳ್ಳುತ್ತೆ. ಗಾಡಿ ಮಾರೋವರೆಗೆ ಸಾಕು."

ಕೆಳಗೆ ನುಸುಳಿದರು. ಚಾಸಿಯ ಮೇಲೆ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಟಣ್... ಟಣ್... ಟಣ್... ಥಪ್. ಅಲ್ಲೇ ನಿಂತರು. ಬಹಳ ಹೊತ್ತು ಹೊರಗೆ ಬರಲಿಲ್ಲ.

"ಮಾವ?"

"ಇಲ್ಲಿ ಚಾಸಿ ತುಂಡಾಗಿತ್ತು. ಕತ್ತರಿಸಿ ಬೆಸೆದಿದ್ದಾರೆ."

"ಯಾರು ಬೆಸೆದಿದ್ದು?"

"ನಾನೇ."

ಹೊರಗೆ ಬಂದು ಕೂತರು. ಜೇಬಿನಿಂದ ಚಾಕು ತೆಗೆದು ಬಾಗಿಲಿನ ಒಳಮೂಲೆಯಲ್ಲಿ ಬಣ್ಣ ಕೆರೆದರು. ಬಿಳಿಯ ಕೆಳಗೆ ಹಸಿರು.

"ಹಸಿರು ಗಾಡಿ ಇದು. ಬಿಸ್ವಿಕ್‌ದು. ಲಿಲೊಂಗ್ವೆ ಕಡೆ ರಾತ್ರಿ ಹೊತ್ತು ಗುಟ್ಟಾಗಿ ಜನ ತುಂಬ್ಕೊಂಡು ಓಡಿಸ್ತಿದ್ದ. ನಿನಗೆ ಗೊತ್ತಿರ್ಲಿಲ್ವಾ?"

ಎನೆಲೆಸಿ ಹೇಳಿದಳು, "ಇನ್ನೊಂದ್ಸಲ ಹೇಳಿ."

"ಅವನದೇ ಗಾಡಿ ಮಗಳೇ. ಯಾರು ಮಾರಿದ್ರು ನಿನಗೆ?"

ಟೋಪಿ ಹಾಕಿಕೊಂಡವನು ಒಬ್ಬ. ಟೋಪಿ ಹಾಕಿದವನು ಇನ್ನೊಬ್ಬ. ಅವಳಿಗೆ ಆಗ ಅರ್ಥವಾಯಿತು. ಆ ಟೋಪಿಯವನು ಬಿಸ್ವಿಕ್‌ನ ಹೆಂಡತಿಯ ತಮ್ಮ ಅಂತ ಆಮೇಲೆ ಗೊತ್ತಾಯಿತು. ಗಾಡಿಯ ಕೆಳಗೆ ನುಸುಳಿ, ಮೂಸಿ, ಕಿವಿಗೊಟ್ಟು ಕೇಳಿದ್ದೆಲ್ಲ ನಾಟಕ. ತನ್ನದೇ ಗಾಡಿಯನ್ನು ತಾನೇ ಪರೀಕ್ಷೆ ಮಾಡಿ ಪಾಸು ಮಾಡಿದ್ದ. ಆಮೇಲೆ ಅದರ ಒಂದೊಂದು ಕಾಯಿಲೆಗೂ ಅವಳ ಹತ್ತಿರವೇ ದುಡ್ಡು ತಗೊಂಡು ಮದ್ದು ಮಾಡಿದ್ದ.

"ಮಾವ, ಈ ಚಾಸಿ ಯಾವಾಗ ಬೆಸೆದ್ರಿ?"

ಸೈದಿ ನೆನಪು ಮಾಡಿಕೊಂಡರು. "ಆ ಹೊಲಿಗೆ ಹುಡುಗಿ ಸತ್ತಳಲ್ಲ... ಅದೇ ವಾರ. ಗುಂಡಿಗೆ ಇಳಿದು ಮುರೀತು ಅಂದಿದ್ದ."

ಹೇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸೈದಿ ಚಾಕು ಮಡಿಸಿ ಜೇಬಿಗೆ ಹಾಕಿಕೊಂಡು ಎದ್ದು ನಿಂತರು. ನಮಾಜಿಗೆ ಹೊತ್ತಾಯಿತು ಅಂದರು.

*

ಅವತ್ತು ಸೂರ್ಯ ಮುಳುಗುವ ಹೊತ್ತಿಗೆ ಎನೆಲೆಸಿ ಬಿಸ್ವಿಕ್‌ನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದಳು. ಅಲ್ಲಿ ಏಳೆಂಟು ಗಂಡಸರು ಕೂತು ಹರಟುತ್ತಿದ್ದರು.

"ಅಣ್ಣಾ, ಹತ್ತು. ಆ ಸದ್ದು ಇನ್ನೂ ಬರ್ತಿದೆ. ನೀನೇ ಕೇಳ್ಬೇಕು."

"ನಾಳೆ ಬೆಳಿಗ್ಗೆ ತಾ."

"ಬೆಳಿಗ್ಗೆ ಬರಲ್ಲ ಅದು."

"ನನಗೆ ಈಗ ಕೆಲಸ ಇದೆ ತಂಗೀ."

"ಏನು ಕೆಲಸ? ಕೂತಿದ್ದೀಯ."

ಗಂಡಸರು ನಕ್ಕರು. ಒಬ್ಬ ಅಂದ, "ಹೋಗಯ್ಯ, ಹೆಂಗಸು ಓಡಿಸೋ ಗಾಡೀಲಿ ಕೂರೋಕೆ ಹೆದರ್ತೀಯಾ?" ಇನ್ನೊಬ್ಬ, "ಅವಳಿಗೆ ಕಲಿಸಿದ್ದು ಇವನೇ ಅಲ್ವಾ, ಅದಕ್ಕೇ ಹೆದರಿಕೆ!" ಅಂದ. ಮತ್ತೆ ನಗು.

ಬಿಸ್ವಿಕ್ ಹತ್ತಿದ.

ಡಾಂಬರಿನಲ್ಲಿ ಇರುವವರೆಗೂ ಅವನು ಮಾತಾಡುತ್ತಲೇ ಇದ್ದ. ಗೇರುಪೆಟ್ಟಿಗೆಯ ಬಗ್ಗೆ, ಟೈರಿನ ಬೆಲೆಯ ಬಗ್ಗೆ. ಮಣ್ಣುರಸ್ತೆಗೆ ತಿರುಗಿದ ಮೇಲೆ ಸುಮ್ಮನಾದ. ಕತ್ತಲು ಕವಿಯಿತು. ಗಾಡಿಯ ಒಂದೇ ದೀಪ ಉರಿಯುತ್ತಿತ್ತು. ಮುಂದೆ ದೂರದಲ್ಲಿ ಆನೆಹುಣಸೆಯ ದಪ್ಪ ಬೊಡ್ಡೆ, ಬೆಳ್ಳಗೆ.

ಡಬ್. ಡಬ್.

ಬಿಸ್ವಿಕ್‌ನ ತಲೆಯ ನೇರ ಮೇಲೆ.

"ಕೇಳಿಸ್ತಾ ಅಣ್ಣ?"

ಅವನು ಎರಡೂ ಕೈಗಳಿಂದ ಸೀಟು ಹಿಡಿದುಕೊಂಡಿದ್ದ.

"ಸೆಂಟರ್ ಬೇರಿಂಗ್ ಅಲ್ವಾ?"

"ಹೋಗ್ತಾ ಇರು" ಅಂದ. "ನಿಲ್ಲಿಸ್ಬೇಡ. ಹೋಗ್ತಾ ಇರು."

ಡಬ್ ಡಬ್ ಡಬ್.

"ಆವತ್ತೂ ಹೀಗೇ ಹೋಗ್ತಾ ಇದ್ಯಾ?"

"ತಂಗೀ... ಮೆತ್ತಗೆ ಮಾತಾಡು."

"ಯಾಕೆ? ಕೇಳಿಸ್ಕೊಳ್ತಾಳಾ?"

ಎನೆಲೆಸಿ ಗಾಡಿಯ ವೇಗ ಇಳಿಸಿದಳು. ಬಿಸ್ವಿಕ್ ಪಿಸುಗುಟ್ಟತೊಡಗಿದ. ಒಂದೇ ಉಸಿರಿಗೆ. ಮೇಲೆ ಬಡಿತ, ಕೆಳಗೆ ಅವನ ಪಿಸುಮಾತು. ಆವತ್ತು ಹಿಂದೆ ಲೆತೀಸಿಯಾ ಒಬ್ಬಳೇ ಉಳಿದಿದ್ದಳಂತೆ. ಬಾಡಿಗೆ ಅರ್ಧ ಕೊಟ್ಟಿದ್ದಳಂತೆ, ಉಳಿದರ್ಧ ಅಮ್ಮನ ಹತ್ತಿರ ಕೊಡಿಸ್ತೀನಿ ಅಂದಿದ್ದಳಂತೆ. ಇವನು ಎರಡು ಬಾಟಲಿ ಕುಡಿದಿದ್ದ. ಸ್ವಲ್ಪ ಆಟ ಆಡಿಸೋಣ ಅನಿಸಿತಂತೆ. ಅವಳು ಬಡಿದಳು, ನಿಲ್ಲಿಸಲಿಲ್ಲ. ಇನ್ನೂ ಬಡಿದಳು. ರೇಡಿಯೋ ಜೋರು ಮಾಡಿದ. ಗಾಡಿ ಮರ ದಾಟಿ ಹೋಗುತ್ತಿದೆ ಅಂತ ಗೊತ್ತಾಗಿ ಅವಳು ಹಾರಿದಳು.

"ತಿರುಗಿ ನೋಡೋಕೆ ಹೋಗಿ ಗಾಡಿ ಕಲ್ಲಿಗೆ ಹೊಡೀತು. ಚಾಸಿ ಹೋಯ್ತು. ನಾನು ಇಳಿಯಲಿಲ್ಲ ತಂಗೀ. ಇಳಿದು ನೋಡ್ಬೇಕಿತ್ತು. ಅವಳು ಇನ್ನೂ... ಆಗ ಇನ್ನೂ ಸದ್ದು ಮಾಡ್ತಿದ್ಲು."

"ನೀನು ಅವಳ ಹೆಣ ಹೊತ್ತೆ" ಅಂದಳು ಎನೆಲೆಸಿ. "ನಾನು ಹಿಂದೇನೇ ನಡೀತಿದ್ದೆ. ಹೆಗಲು ಕೊಟ್ಟಿದ್ದೆ ನೀನು."

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಈ ಗಾಡೀನ ನನಗ್ಯಾಕೆ ಮಾರ್ದೆ? ಊರಲ್ಲಿ ಬೇರೆ ಯಾರೂ ಇರ್ಲಿಲ್ವಾ?"

"ಯಾರೂ ತಗೊಳ್ಲಿಲ್ಲ. ನೋಡಿದವರೆಲ್ಲ ತಪ್ಪು ಹುಡುಕಿದ್ರು." ಬಿಸ್ವಿಕ್ ಅವಳ ಕಡೆ ನೋಡದೆ ಹೇಳಿದ. "ನೀನು ಹುಡುಕಲ್ಲ ಅಂತ ಗೊತ್ತಿತ್ತು. ನಾನು ಹೇಳಿದ್ರೆ ಸಾಕು, ನಂಬ್ತೀಯ."

ಎನೆಲೆಸಿ ನನಗೆ ಇದನ್ನು ಹೇಳುವಾಗ ಎಲ್ಲ ಮಾತನ್ನೂ ಸರಾಗವಾಗಿ ಹೇಳಿದಳು. ಇಲ್ಲಿಗೆ ಬಂದಾಗ ಮಾತ್ರ ಎದ್ದು ಹೋಗಿ ನೀರು ಕುಡಿದು ಬಂದಳು.

ಮರದ ಎದುರು ಅವಳು ಬ್ರೇಕ್ ಒತ್ತಿದಳು. ಇಂಜಿನ್ ಆಫ್ ಮಾಡಿದಳು. ದೀಪ ಆರಿಸಿದಳು; ಬೆಳದಿಂಗಳು ಮಾತ್ರ ಉಳಿಯಿತು.

ಬಡಿತ ನಿಂತಿತು.

ಆಮೇಲೆ ಹಿಂದಿನ ಕಮಾನುಪಟ್ಟಿ ಕಿರ್‍ರ್... ಅಂದಿತು. ಭಾರ ಇಳಿದಾಗ ಗಾಡಿಯ ಹಿಂಭಾಗ ಮೇಲಕ್ಕೆ ಏಳುತ್ತದಲ್ಲ, ಹಾಗೆ ಸ್ವಲ್ಪ ಎದ್ದಿತು. ಜಲ್ಲಿಯ ಮೇಲೆ ಒಂದು ಹೆಜ್ಜೆ. ಇನ್ನೊಂದು. ಚರ್... ಚರ್... ಬರಿಗಾಲಿನ ಹೆಜ್ಜೆ. ಗಾಡಿಯ ಎಡಗಡೆಯಿಂದ ಬಂದು, ಬಿಸ್ವಿಕ್ ಕೂತ ಬಾಗಿಲಿನ ಪಕ್ಕ ನಿಂತಿತು.

ಬಿಸ್ವಿಕ್ ಕಣ್ಣು ಮುಚ್ಚಿಕೊಂಡ. ಎನೆಲೆಸಿ ನೋಡಿದಳು. ಕಿಟಕಿಯಲ್ಲಿ ಏನೂ ಇರಲಿಲ್ಲ. ಗಾಜಿನ ಹೊರಗೆ ಉಸಿರು ತಾಗಿದ ಹಾಗೆ ಒಂದು ಮಬ್ಬು ಕಲೆ, ಅಷ್ಟೇ. ಅದು ದೊಡ್ಡದಾಯಿತು... ಸಣ್ಣದಾಯಿತು... ದೊಡ್ಡದಾಯಿತು. ಮಳೆಗೆ ಮುಂಚಿನ ಅಕ್ಟೋಬರ್ ತಿಂಗಳ ಸೆಕೆ. ಮೈಯೆಲ್ಲ ಬೆವರುವ ರಾತ್ರಿ.

ಸ್ವಲ್ಪ ಹೊತ್ತಿನ ಮೇಲೆ ಹೆಜ್ಜೆ ಮರದ ಹಿಂದಿನ ಕೇರಿಯ ಕಡೆ ಹೋಯಿತು. ಅಲ್ಲಿ ಒಂದು ನಾಯಿ ಬೊಗಳಲು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿತು.

"ಇಳಿ" ಅಂದಳು ಎನೆಲೆಸಿ.

"ತಂಗೀ, ಇಲ್ಲಿ ಬೇಡ. ಕೈ ಮುಗೀತೀನಿ."

"ನನ್ನ ತಂಗೀ ಅನ್ಬೇಡ. ಇಳಿ. ಅವಳ ಅಮ್ಮನ ಮನೆ ಅಲ್ಲೇ ಇದೆ. ಹೋಗಿ ಹೇಳು. ಇಲ್ಲಾ ಅಂದ್ರೆ ಸಲೀಮಾವರೆಗೆ ನಡಿ."

ಅವನು ಇಳಿದ. ಕೇರಿಯ ಕಡೆ ಹೋಗಲಿಲ್ಲ. ಸಲೀಮಾ ಕಡೆ ಓಡಿದ. ಎನೆಲೆಸಿ ಹಿಂದಿನ ಕನ್ನಡಿಯಲ್ಲಿ ಅವನ ಬಿಳಿ ಅಂಗಿ ಕಾಣುವವರೆಗೂ ನೋಡಿ, ಗಾಡಿ ಶುರು ಮಾಡಿದಳು.

*

ಆಮೇಲೆ ಏನಾಯಿತು ಅಂತ ಕೇಳುತ್ತೀರಿ. ಊರ ಮುಖಂಡರ ಮುಂದೆ ಪಂಚಾಯಿತಿ ಆಯಿತು. ನಾನೂ ಹೋಗಿದ್ದೆ. ಬಿಸ್ವಿಕ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ಗಾಡಿ ನಂದಾಗಿತ್ತು, ನಿಜ. ಹೇಳ್ಲಿಲ್ಲ, ಅದು ತಪ್ಪು. ಆದ್ರೆ ಹುಡುಗಿ ವಿಷಯ ನನಗೆ ಗೊತ್ತಿಲ್ಲ. ರಿಪೇರಿ ದುಡ್ಡು ಕೊಡೋಕಾಗದೆ ಈಯಮ್ಮ ಕತೆ ಕಟ್ಟಿದ್ದಾಳೆ" ಅಂದ.

ಹಾಗೆ ಹೇಳುವಾಗ ಎನೆಲೆಸಿಯ ಮುಖ ನೋಡಿಯೇ ಹೇಳಿದ. ಕಣ್ಣು ಮಿಟುಕಿಸಲಿಲ್ಲ.

ಸೈದಿಯನ್ನು ಕರೆದರು. ಚಾಸಿ ಬೆಸೆದದ್ದು ಹೌದು, ಯಾವ ವಾರ ಅಂತ ಸರಿಯಾಗಿ ನೆನಪಿಲ್ಲ ಅಂದರು. ಅವರೂ ಬಿಸ್ವಿಕ್‌ನ ಪಕ್ಕದಲ್ಲೇ ಬದುಕಬೇಕಾದವರು. ಪೊಲೀಸರು ಬಂದು ಕೇಳಿದರು, ಹೋದರು. ದೆವ್ವದ ಸಾಕ್ಷಿ ಯಾರು ಬರೆದುಕೊಳ್ಳುತ್ತಾರೆ? ಎನೆಲೆಸಿಗೆ ಒಂದು ಕಾಸೂ ವಾಪಸ್ಸು ಬರಲಿಲ್ಲ. ಬಿಸ್ವಿಕ್ ಈಗಲೂ ಆ ಮಾವಿನ ಮರದ ಕೆಳಗೇ ಇದ್ದಾನೆ. ಗಿರಾಕಿಗಳೂ ಇದ್ದಾರೆ.

ಗಾಡಿಯಲ್ಲಿ ಬಡಿತ ನಿಂತಿತು. ಆದರೆ ಗೇರುಪೆಟ್ಟಿಗೆ ಇನ್ನೂ ಆಯಿಲ್ ಸೋರುತ್ತದೆ. ಮೂರನೇ ಗೇರು ಇನ್ನೂ ಜಿಗಿಯುತ್ತದೆ. ಅದನ್ನು ಯಾವ ದೆವ್ವವೂ ಸರಿಮಾಡಲಿಲ್ಲ.

ಪಂಚಾಯಿತಿ ಮುಗಿದ ಮೇಲೆ ಒಂದು ಮಧ್ಯಾಹ್ನ ಎನೆಲೆಸಿ ನಾಬಾಂಡಾ ಅವರ ಮನೆಗೆ ಹೋದಳು. ಆಕೆ ಅಂಗಳದಲ್ಲಿ ಜೋಳ ಕೇರುತ್ತಿದ್ದರು. ಮೊರ ಕೆಳಗಿಟ್ಟು ಎಲ್ಲ ಕೇಳಿದರು. ಅಳಲಿಲ್ಲ.

"ಮಣ್ಣು ಮಾಡೋ ದಿನ ಅವನೇ ನನ್ನ ಕೈ ಹಿಡ್ಕೊಂಡು ಗುಂಡಿ ಹತ್ರ ಕರ್ಕೊಂಡು ಹೋದ" ಅಂದರು. "ಬೀಳ್ತೀಯ ಅಮ್ಮ, ಹುಷಾರು ಅಂದ."

ಮೊರ ಮತ್ತೆ ಕೈಗೆ ತಗೊಂಡು ಕೇಳಿದರು: "ಬಡಿದ್ಲಾ ಅವಳು?"

"ಬಡಿದ್ಲು."

"ಜೋರಾಗಿ?"

"ಜೋರಾಗಿ, ಅಮ್ಮ."

ನಾಬಾಂಡಾ ತಲೆ ಆಡಿಸಿದರು. "ಅವಳ ಕೈ ಗಟ್ಟಿ. ಚಿಕ್ಕವಳಿದ್ದಾಗಿಂದ ಹಾಗೇ."

ಹೊರಡುವಾಗ ಆಕೆ ಒಂದು ಬುಟ್ಟಿ ಕಡಲೆಕಾಯಿ ತಂದು ಪಿಕಪ್ಪಿನ ಹಿಂದೆ ಇಟ್ಟರು. ಸಿಪ್ಪೆ ಸಮೇತ, ಹೊಲದಿಂದ ಬಂದ ಹಾಗೇ. ನಿಮ್ಮಮ್ಮನಿಗೆ ಬಿತ್ತನೆಗೆ ಆಗುತ್ತೆ, ಮಳೆ ಹತ್ತಿರ ಬಂತು, ಸುಲಿದುಕೊಳ್ಳಿ ಅಂದರು. ಎನೆಲೆಸಿ ಒಬ್ಬಳೇ ಕೂತು, ಎಲ್ಲೂ ನಿಲ್ಲಿಸದೆ, ಹಗಲು ಹೊತ್ತಿನಲ್ಲೇ ನಮ್ಮ ಅಂಗಳಕ್ಕೆ ಬಂದಳು. ನಾನು ಅಲ್ಲೇ ಕೋಳಿಗೂಡು ಕಟ್ಟುತ್ತಾ ಇದ್ದೆ. ಬುಟ್ಟಿ ಇಳಿಸು ಅಂದಳು. ಇಳಿಸಲು ಹೋದೆ.

ಅರ್ಧ ಬುಟ್ಟಿ ಸುಲಿದು ಮುಗಿದಿತ್ತು. ಬೀಜವೆಲ್ಲ ಬುಟ್ಟಿಯಲ್ಲಿ, ಕೆಂಪಗೆ, ಒಂದೂ ಒಡೆಯದೆ. ಸಿಪ್ಪೆ, ಆ ಮುದುಕಿ ಹೇಳಿದ್ದ ಮೂಲೆಯಲ್ಲಿ, ಕ್ಯಾಬಿನ್ನಿಗೆ ಒರಗಿ ಕೂರುವ ಕಡೆ, ಒಂದು ಸಣ್ಣ ಗುಡ್ಡೆ.

ನಕ್ಕರೆ ನಗಿ. ಬೇರೆ ಯಾರೋ ಹೇಳಿದ್ದರೆ ನಾನೂ ನಗುತ್ತಿದ್ದೆ. ಗಾಡಿಯ ಹಿಂಬಾಗಿಲು ತೆಗೆದವನು ನಾನು. ಆ ಸಿಪ್ಪೆಯನ್ನು ಈ ಎರಡು ಕೈಯಲ್ಲಿ ಬಾಚಿ ಹೊರಗೆ ಹಾಕಿದವನೂ ನಾನೇ.